ರಹಸ್ಯ ಸಂಘದ ಅದ್ದೂರಿ ಉದ್ಘಾಟನೆ

ಹೊಸ ಬಗೆಯ ಕಾದಂಬರಿ ಬರೆಯುವುದು ನನ್ನಂಥ ಪಳಗಿದ ಲೇಖಕಿಗೆ ಕಷ್ಟದ ಕೆಲಸವೇ ಅಲ್ಲ ಎಂದು ನಾನು ನಂಬಿದ್ದೆ. ನಂಬಿಕೆಗೆ ಕಾರಣವಿತ್ತು. ವಾರಪತ್ರಿಕೆಯೊಂದರಲ್ಲಿ ವರ್ಷಗಳಿಂದ ಪ್ರೇಮವನ್ನೂ ಕೊಲೆಯನ್ನೂ ಒಂದೇ ಬಾಣಲೆಯಲ್ಲಿ ಹುರಿದು ಬಡಿಸುತ್ತಾ ಬಂದವಳು ನಾನು. ನನ್ನ ನಾಯಕಿಯರು ತಾವು ಪ್ರೀತಿಸಿದವನೇ ಕೊಲೆಗಾರ ಇರಬಹುದೇ ಎಂದು ಕಂತು ಕಂತಿಗೂ ನಡುಗುತ್ತಾರೆ. ಕೊನೆಗೆ ಕೊಲೆಗಾರ ಬೇರೆ ಯಾರೋ ಆಗಿರುತ್ತಾನೆ, ಇವರ ಮದುವೆ ಆಗುತ್ತದೆ. ಓದುಗರಿಗೆ ಸಮಾಧಾನ, ನನಗೂ ಸಮಾಧಾನ.

ಸಂಪಾದಕರಿಗೆ ಮಾತ್ರ ಸಮಾಧಾನವಿರಲಿಲ್ಲ.

“ಗಿರಿಜಾ ಮೇಡಂ, ನಿಮ್ಮ ನಾಯಕ ಈ ಸಲಾನೂ ಜಲಪಾತಕ್ಕೆ ಬಿದ್ದು ಬದುಕಿ ಬಂದಿದ್ದಾನೆ,” ಎಂದರು ಫೋನಿನಲ್ಲಿ.

“ಹೌದು ಸಾರ್, ಅದೇ ತಿರುವು!”

“ಮೂರು ಕಾದಂಬರಿಯಿಂದ ಅದೇ ತಿರುವು, ಅದೇ ಜಲಪಾತ. ಓದುಗರು ಈಗ ಟವೆಲ್ ಹಿಡ್ಕೊಂಡು ಕಾಯ್ತಾ ಇದಾರೆ ಮೇಡಂ. ಏನಾದ್ರೂ ಹೊಸದು ಕೊಡಿ. ಇಲ್ಲಾಂದ್ರೆ ಆ ಎರಡು ಪುಟ ಬೇರೆಯವರಿಗೆ ಕೊಡಬೇಕಾಗುತ್ತೆ.”

ಆ ಎರಡು ಪುಟ ನನ್ನ ಪ್ರಾಣ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ‘ಬಿ ಬ್ಲಾಕ್ ಬಸವರಾಜು ಅವರ ಮಿಸೆಸ್’. ಗೇಟಿನ ಸೆಕ್ಯೂರಿಟಿಗೆ ನಾನೊಂದು ಫ್ಲ್ಯಾಟ್ ನಂಬರು. ಆ ಎರಡು ಪುಟದಲ್ಲಿ ಮಾತ್ರ ನನಗೊಂದು ಸ್ವಂತ ಹೆಸರಿದೆ, ಅದೂ ದಪ್ಪ ಅಕ್ಷರದಲ್ಲಿ. ದಾವಣಗೆರೆಯಲ್ಲಿರುವ ನನ್ನ ಅಕ್ಕ ಪತ್ರಿಕೆ ಬಂದ ದಿನವೇ ಓದಿ ಫೋನ್ ಮಾಡಿ ಜಗಳವಾಡುತ್ತಾಳೆ. ಅದು ಹೋದರೆ ನನ್ನಲ್ಲಿ ಉಳಿಯುವುದೇನು? ನಿಜಕ್ಕೂ ಹೆದರಿದೆ.

ದಾರಿ ತೋರಿಸಿದವಳು ಅಕ್ಕನ ಮಗಳು. “ಚಿಕ್ಕಮ್ಮ, ಈಗೆಲ್ಲ ಡಾರ್ಕ್ ಅಕಾಡೆಮಿಯಾ ನಡೀತಿದೆ, ಅದನ್ನ ಬರಿ,” ಎಂದಳು. ಹಳೇ ಕಾಲದ ಕಲ್ಲಿನ ಕಾಲೇಜು, ಕತ್ತಲು ತುಂಬಿದ ಲೈಬ್ರರಿ, ಮೋಂಬತ್ತಿ, ಕೋಟು ಹಾಕಿಕೊಂಡು ಲ್ಯಾಟಿನ್ ಓದುವ ಹುಡುಗ ಹುಡುಗಿಯರು, ಅವರದೊಂದು ರಹಸ್ಯ ಸಂಘ, ಅದರಲ್ಲೊಂದು ಸಾವು. ಇಷ್ಟೇ ಸಾಮಗ್ರಿ. ಸಾವು ನನ್ನ ಹತ್ತಿರ ಧಾರಾಳವಾಗಿತ್ತು. ಲ್ಯಾಟಿನ್ ಜಾಗಕ್ಕೆ ಹಳಗನ್ನಡ ಹಾಕಿದರಾಯಿತು. ಉಳಿದದ್ದನ್ನು ಕಣ್ಣಾರೆ ನೋಡಬೇಕು ಎಂದು ತೀರ್ಮಾನಿಸಿದೆ.

“ಅನುಭವ ಇಲ್ಲದೆ ಬರೆಯೋಕಾಗಲ್ಲ ರೀ,” ಎಂದೆ ನನ್ನ ಯಜಮಾನರಿಗೆ.

ಬಸವರಾಜು ಮೊಬೈಲಿನಿಂದ ತಲೆ ಎತ್ತಲಿಲ್ಲ. “ಇಷ್ಟು ವರ್ಷ ಕಳ್ಳಸಾಗಣೆ ಬಗ್ಗೆ ಬರೆದೆಯಲ್ಲ, ಯಾವ ಹಡಗಿನಲ್ಲಿ ಕೆಲಸ ಮಾಡಿದ್ದೆ?”

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದು ಸಾಹಿತಿಗಳ ಘನತೆಗೆ ತಕ್ಕುದಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಐಟಿ ಪಾರ್ಕಿನ ಪಕ್ಕದಲ್ಲಿರುವ ನಮ್ಮ ಪಟ್ಟಂದೂರು ಅಗ್ರಹಾರದಲ್ಲಿ ಪುರಾತನ ವಿದ್ಯಾಸಂಸ್ಥೆ ಹುಡುಕುವುದೆಂದರೆ ಏನೆಂದು ಹುಡುಕಿದವರಿಗೇ ಗೊತ್ತು. ಇದ್ದುದರಲ್ಲಿ ಹಳೆಯದು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಸುವ ಕೋಚಿಂಗ್ ಸೆಂಟರು. ಅದರ ಕೆಳಗೆ ಕೋಳಿ ಅಂಗಡಿ. ಮೆಟ್ಟಿಲ ಮೇಲೆ ನಿಂತು ಜ್ಞಾನದ ಕರಾಳ ಮುಖವನ್ನು ಧ್ಯಾನಿಸಲು ಪ್ರಯತ್ನಿಸಿದೆ. ಕೆಳಗಿನಿಂದ, “ಮೇಡಂ, ಸ್ಕಿನ್ನಾ, ವಿತೌಟ್ ಸ್ಕಿನ್ನಾ?” ಎಂದು ಕೂಗಿದರು. ನಾನು ಲಿಂಗಾಯತರ ಮನೆಯವಳು! ಮೂಗು ಮುಚ್ಚಿಕೊಂಡು ಇಳಿದೆ. ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಲೈಬ್ರರಿಗೆ ಹೋದರೆ ಅಲ್ಲಿ ಟ್ಯೂಬ್‌ಲೈಟು ಕಣ್ಣು ಕುಕ್ಕುತ್ತಿತ್ತು. ಕಪಾಟಿನಲ್ಲಿ ನಾನೇ ಉಡುಗೊರೆ ಕೊಟ್ಟಿದ್ದ ನನ್ನ ಕಾದಂಬರಿಗಳು ಇನ್ನೂ ಪ್ಲಾಸ್ಟಿಕ್ ಹೊದಿಕೆಯೊಳಗೇ ಇದ್ದವು.

ಕಾಲೇಜು ಸಿಗದಿದ್ದರೆ ಬೇಡ, ರಹಸ್ಯ ಸಂಘವನ್ನಾದರೂ ಕಟ್ಟಿ ನೋಡೋಣ ಎಂದುಕೊಂಡೆ. ಅದಕ್ಕೊಂದು ಕತ್ತಲೆ ಕೋಣೆ ಬೇಕು. ಆಗ ನೆನಪಾದವರು ಪಿಳ್ಳಪ್ಪನವರು. ಅವರು ಇಲ್ಲಿಯ ಮೂಲ ರೈತರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಪಿ.ಜಿ. ಕಟ್ಟಡ ಎಬ್ಬಿಸಿದ್ದಾರೆ. ಐಟಿ ಪಾರ್ಕಿನ ಹುಡುಗರೆಲ್ಲ ಅಲ್ಲೇ ಬಾಡಿಗೆಗಿದ್ದಾರೆ. ಕಟ್ಟಡಕ್ಕೊಂದು ನೆಲಮಾಳಿಗೆ ಇದೆ, ಕಿಟಕಿ ಇಲ್ಲ.

“ಯಾತುಕ್ಕೆ ಮೇಡಮ್ಮೋರೆ ರೂಮು?” ಎಂದು ಕೇಳಿದರು ಪಿಳ್ಳಪ್ಪ.

ಆಚೀಚೆ ನೋಡಿ ದನಿ ತಗ್ಗಿಸಿದೆ. “ಒಂದು ರಹಸ್ಯ ಸಂಘ ಮಾಡ್ತಾ ಇದೀನಿ. ಕಾದಂಬರಿಗೆ ಬೇಕಾಗಿದೆ.”

ಸಂಘ ಎಂದಕೂಡಲೇ ಅವರ ಮುಖ ಅರಳಿತು. ಗಣೇಶೋತ್ಸವ ಸಮಿತಿಯಿಂದ ಹಿಡಿದು ವಾಲಿಬಾಲ್ ಬಳಗದವರೆಗೆ ಊರಿನ ಸಂಘಗಳಿಗೆಲ್ಲ ಅವರೇ ಅಧ್ಯಕ್ಷರು ಎಂಬ ಸಂಗತಿಯನ್ನು ನಾನು ಆ ಗಳಿಗೆಯಲ್ಲಿ ನೆನಪಿಸಿಕೊಳ್ಳಬೇಕಿತ್ತು. ನೆನಪಿಸಿಕೊಳ್ಳಲಿಲ್ಲ.

“ರಹಸ್ಯನೋ ಗಿಹಸ್ಯನೋ, ಅಧ್ಯಕ್ಷರು ಯಾರು?”

“ಅಧ್ಯಕ್ಷರು... ಇನ್ನೂ ಯಾರೂ ಇಲ್ಲ.”

“ಅಧ್ಯಕ್ಷರಿಲ್ದಿದ್ಮೇಲೆ ಅದೆಂಗೆ ಸಂಗ ಆಯ್ತದೆ? ರೂಮು ನಮ್ದು, ನಾನೇ ಆಯ್ತೀನಿ ಬುಡಿ. ಉಪಾಧ್ಯಕ್ಷ ನನ್ ತಮ್ಮ. ಖಜಾಂಚಿ ನಮ್ ಬಾಮೈದ. ನೀವು ಓದಿರೋರು, ಕಾರ್ಯದರ್ಶಿ ಆಗಿ. ಶನಿವಾರ ಸಾಯಂಕಾಲ ಬಂದ್ಬುಡಿ, ಮಿಕ್ಕಿದ್ದೆಲ್ಲ ನಾನ್ ನೋಡ್ಕೋತೀನಿ.”

“ಆದ್ರೆ ಇದು ರಹಸ್ಯ, ಯಾರಿಗೂ ಗೊತ್ತಾಗಬಾರದು...”

“ಅಯ್ಯೋ, ನಮ್ಗೆ ಗೊತ್ತಿಲ್ವಾ!”

ಎಷ್ಟು ಸುಲಭ! ಮನೆಗೆ ಬಂದು ಬೀಗುತ್ತಾ ಹೇಳಿದೆ. ಬಸವರಾಜು, “ಪಿಳ್ಳಪ್ಪನವರಿಗೆ ಹೇಳಿದ್ಯಾ?” ಎಂದು ಕೇಳಿ ಮೊದಲ ಸಲ ತಲೆ ಎತ್ತಿದರು. ಮತ್ತೆ ತಗ್ಗಿಸಿದರು. ಅವರ ಭುಜ ಕುಲುಕುತ್ತಿತ್ತು.

ಶನಿವಾರ ಸಂಜೆ ನಾನು ಬಸವರಾಜು ಅವರ ಮದುವೆಯ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡೆ. ನುಸಿಗುಳಿಗೆ ವಾಸನೆಗೆ ಕಣ್ಣಲ್ಲಿ ನೀರು. ಒಂದು ಕೈಯಲ್ಲಿ ಮೋಂಬತ್ತಿ, ಇನ್ನೊಂದರಲ್ಲಿ ಹಳಗನ್ನಡ ನಿಘಂಟು. ಬೆವರು ಒರೆಸಿಕೊಳ್ಳಲು ಮೂರನೆಯ ಕೈ ಇರಲಿಲ್ಲ. ನಿಗೂಢವಾಗಿ ನಡೆಯುತ್ತಾ ರಸ್ತೆಯ ತಿರುವಿಗೆ ಬಂದೆ. ಅಲ್ಲೇ ನಿಂತುಬಿಟ್ಟೆ.

ತಿರುವಿನಲ್ಲಿ ಒಂದು ಮಹಡಿಯಷ್ಟು ಎತ್ತರದ ಬ್ಯಾನರ್!

‘ಪಟ್ಟಂದೂರು ಅಗ್ರಹಾರ ರಹಸ್ಯ ಸಂಘ. ಅದ್ದೂರಿ ಉದ್ಘಾಟನಾ ಸಮಾರಂಭ. ಸರ್ವರಿಗೂ ಆದರದ ಸುಸ್ವಾಗತ.’

ಮಧ್ಯದಲ್ಲಿ ಕೈಮುಗಿದು ನಿಂತ ಪಿಳ್ಳಪ್ಪ, ಬಿಳಿ ಅಂಗಿ, ಚಿನ್ನದ ಸರ. ಎಡಬಲದಲ್ಲಿ ತಮ್ಮ ಮತ್ತು ಬಾಮೈದ. ಕೆಳಗೆ ಮೂಲೆಯಲ್ಲಿ ನಾನು. ನನ್ನ ವಾಟ್ಸಾಪ್ ಫೋಟೋದಿಂದ ಕತ್ತರಿಸಿದ್ದರು, ಪಕ್ಕದಲ್ಲಿ ಬಸವರಾಜು ಅವರ ಒಂದು ಕಿವಿ ಉಳಿದಿತ್ತು.

ಬ್ಯಾನರಿನ ಕೆಳಗೇ ಪಿಳ್ಳಪ್ಪ ನಿಂತಿದ್ದರು. “ಪಿಳ್ಳಪ್ಪನವರೇ, ಇದು ರಹಸ್ಯ ಸಂಘ ಅಂದಿದ್ದೆನಲ್ಲ!”

“ಅದುಕ್ಕೇ ಮೇಡಮ್ಮೋರೆ, ನಿಮ್ ಫೋಟೋ ಸಣ್ದಾಗಿ ಆಕ್ಸಿವ್ನಿ.”

ನೆಲಮಾಳಿಗೆ ಜಗಜಗ ಹೊಳೆಯುತ್ತಿತ್ತು. ಸೀರಿಯಲ್ ಸೆಟ್ಟು, ಶಾಮಿಯಾನದವರ ಕುರ್ಚಿಗಳು, ಗೋಡೆ ನಡುಗಿಸುವ ಸ್ಪೀಕರು. ಪಿ.ಜಿ. ಹುಡುಗರು ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ತೂಗಿಸಿಕೊಂಡು ಕೇಸರಿಬಾತಿಗಾಗಿ ಸಾಲಾಗಿ ನಿಂತಿದ್ದರು. ನನ್ನ ಮೋಂಬತ್ತಿಯನ್ನು ಯಾರೋ ಕಸಿದುಕೊಂಡು, “ದೀಪ ಹಚ್ಚೋಕೆ ಇದೇ ಬೇಕಿತ್ತು, ಬಂತು ನೋಡಿ,” ಎಂದು ಕಂಚಿನ ದೀಪದ ಕಡೆ ಓಡಿದರು. ನನಗೆ ಶಾಲು ಹೊದಿಸಿದರು, ತಲೆಗೆ ಮೈಸೂರು ಪೇಟ ಇಟ್ಟರು. ಕೋಟು, ಅದರ ಮೇಲೆ ಶಾಲು, ಅದರ ಮೇಲೆ ಪೇಟ! ಬದುಕಿದ್ದಾಗಲೇ ಬೆಂದುಹೋದೆ.

ಪಿಳ್ಳಪ್ಪನವರು ಮೈಕು ಹಿಡಿದರು. “ಈ ರಹಸ್ಯ ಸಂಗ ಮನೆಮನೆಗೂ ತಲುಪ್ಬೇಕು. ಮುಂದಿನ ವರ್ಸ ಎಲ್ಲಾ ಬೀದಿಗೂ ಒಂದ್ ಶಾಖೆ ಮಾಡಣ!” ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಮೈಕನ್ನು ನನ್ನ ಕೈಗೆ ಕೊಟ್ಟರು. “ಕಾರ್ಯದರ್ಶಿಗಳು ಕಥೆ ಬಗ್ಗೆ ಎರಡು ಮಾತಾಡ್ತಾರೆ.”

ಎರಡು ಮಾತು ಆಡಿ ಸುಮ್ಮನಾಗಬಹುದಿತ್ತು. ಆದರೆ ಇಷ್ಟು ವರ್ಷದಲ್ಲಿ ಯಾರೂ ನನ್ನ ಕೈಗೆ ಮೈಕು ಕೊಟ್ಟಿರಲಿಲ್ಲ! ಎದುರಿಗೆ ಅಷ್ಟು ಜನ, ಕೈಯಲ್ಲಿ ಕೇಸರಿಬಾತು, ಎಲ್ಲರ ಕಣ್ಣೂ ನನ್ನ ಮೇಲೆ. ಖುಷಿಯಿಂದ ನನಗೆ ತಲೆ ತಿರುಗಿತು. ಕಲ್ಲಿನ ಕಾಲೇಜಿನಿಂದ ಶುರುಮಾಡಿದೆ. ಹಳಗನ್ನಡ ಸಂಘ ಬಂತು. ಅದರ ಕಾರ್ಯದರ್ಶಿಯಾದ ನಾಯಕಿ ಬಂದಳು, ತರುಣ ಮೇಷ್ಟರನ್ನು ಪ್ರೀತಿಸಿದಳು. ಲೈಬ್ರರಿಯಲ್ಲಿ ಹೆಣ ಬಿತ್ತು. ನಾಯಕಿ ಮೇಷ್ಟರನ್ನೇ ಅನುಮಾನಿಸಿದಳು. “ಆದರೆ ನಿಜವಾದ ಕೊಲೆಗಾರ ಯಾರು?” ಎಂದು ಕೂಗಿದೆ.

“ಯಾರು?” ಎಂದಿತು ಸಭೆ.

“ಸಂಘದ ಅಧ್ಯಕ್ಷ!” ಎಂದೆ.

ಇನ್ನೂ ಒಂದು ಸಾಲೂ ಬರೆಯದ ಕಾದಂಬರಿಯ ಕೊನೆಯ ಕಂತನ್ನು ಸ್ಪೀಕರಿನಲ್ಲಿ ಇಡೀ ಊರಿಗೆ ಹೇಳಿದ್ದೆ. ಅದು ಹೊಳೆಯುವ ಮೊದಲೇ ಪಿಳ್ಳಪ್ಪನವರು ಎದ್ದು ನಿಂತರು.

“ಏನಮ್ಮಾ ಇದು? ರೂಮ್ ಕೊಟ್ಟು, ಕೇಸರಿಬಾತ್ ಮಾಡ್ಸಿ, ನಾನ್ ಯಾಕಮ್ಮ ಕೊಲೆ ಮಾಡ್ಲಿ?”

“ನೀವಲ್ಲ ಪಿಳ್ಳಪ್ಪನವರೇ, ಕಥೆಯಲ್ಲಿರೋ ಅಧ್ಯಕ್ಷ!”

“ಅಧ್ಯಕ್ಷ ಅಂದ್ಮೇಲೆ ಅಧ್ಯಕ್ಷನೇಯ. ನಾಳೆ ಜನ ಏನಂತಾರೆ? ನಂಗೆ ಮೊಮ್ಮಕ್ಳವೆ!”

ಅವರ ಕಣ್ಣು ಒದ್ದೆಯಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಉಪಾಧ್ಯಕ್ಷರನ್ನು ಕೊಲೆಗಾರ ಮಾಡಲೇ ಎಂದೆ. ತಮ್ಮ ಎದ್ದು ನಿಂತ. ಖಜಾಂಚಿ ಎಂದೆ. ಬಾಮೈದನ ಹೆಂಡತಿ ಎದ್ದು ನಿಂತಳು. ಕೊನೆಗೆ ಕುರ್ಚಿ ಹತ್ತಿರಕ್ಕೆಳೆದು ತುರ್ತು ಸಭೆ ನಡೆಸಿ, ‘ಸಂಘದ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಖಜಾಂಚಿಗಳು ಕಾದಂಬರಿಯಲ್ಲಿ ಕೊಲೆ ಮಾಡತಕ್ಕದ್ದಲ್ಲ’ ಎಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು. ಉಳಿದವಳು ಕಾರ್ಯದರ್ಶಿ. ಅಂದರೆ ನನ್ನ ನಾಯಕಿ! ಪಾಪದ ಹುಡುಗಿ, ಮೊದಲ ಕಂತಿಗೆ ಮುಂಚೆಯೇ ಕೊಲೆಗಾರ್ತಿಯಾದಳು. ಸಭೆ ಚಪ್ಪಾಳೆ ತಟ್ಟಿ ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡಿತು.

ಇಷ್ಟಕ್ಕೇ ಮುಗಿದಿದ್ದರೆ ಬಚಾವಾಗುತ್ತಿದ್ದೆ. ಪಿ.ಜಿ. ಹುಡುಗರು ಎಲ್ಲವನ್ನೂ ವಿಡಿಯೋ ಮಾಡಿ ಹಂಚಿಬಿಟ್ಟಿದ್ದರು. ಭಾನುವಾರ ಬೆಳಿಗ್ಗೆಯೇ ಸಂಪಾದಕರ ಫೋನ್ ಬಂತು.

“ಮೇಡಂ, ನೋಡಿದೆ! ನಕ್ಕು ನಕ್ಕು ಸಾಕಾಯ್ತು!”

“ಸಾರ್, ಕೊಲೆಗಾರನ್ನ ಬದಲಾಯಿಸ್ತೀನಿ, ಒಂದು ವಾರ ಟೈಮ್ ಕೊಡಿ...”

“ಕೊಲೆಗಾರ ಬಿಡಿ ಮೇಡಂ. ಆ ಪಿಳ್ಳಪ್ಪನವರು ಯಾರು? ಏನ್ ಮಾತು, ಏನ್ ಸಹಜ! ಆ ಎರಡು ಪುಟ ಅವರಿಗೇ ಕೊಡೋಣ ಅಂತಿದೀನಿ. ‘ನಾನು ಕಟ್ಟಿದ ಸಂಘಗಳು’ ಅಂತ.”

“ಅವರಿಗೆ ಬರೆದು ಅಭ್ಯಾಸ ಇಲ್ಲ ಸಾರ್.”

“ಅವರು ಹೇಳ್ಲಿ, ನೀವು ಕೂತು ಬರ್ಕೊಳ್ಳಿ. ನಿಮ್ಮ ಹೆಸರು ಮಾತ್ರ ಬೇಡ ಮೇಡಂ. ನಿಮ್ಮ ಹೆಸರು ಕಂಡ್ರೆ ಓದುಗರು ಜಲಪಾತ ಹುಡುಕ್ತಾರೆ. ಯಾರಿಗೂ ಹೇಳ್ಬೇಡಿ.”

ಬೇಡ ಎನ್ನಬೇಕಿತ್ತು. ಆದರೆ ಆ ಪುಟಗಳ ಹತ್ತಿರವಾದರೂ ಇರಬಹುದಲ್ಲ ಎಂಬ ಆಸೆ ಅಡ್ಡ ಬಂತು. ಒಪ್ಪಿಕೊಂಡೆ.

ಮೊದಲ ಕಂತು ಪ್ರಕಟವಾದ ದಿನ ಅಕ್ಕನ ಫೋನ್ ಬಂತು.

“ಗಿರಿಜಾ, ಆ ಪಿಳ್ಳಪ್ಪ ಎಷ್ಟು ಚಂದ ಬರೀತಾರೆ ಕಣೆ! ಓದಿ ನಿಮ್ಮ ಭಾವನೂ ನಕ್ಕರು. ನೀನೂ ಹಿಂಗೆ ಬರೆದಿದ್ರೆ ನಿಂದು ನಿಲ್ಲಿಸ್ತಿರಲಿಲ್ಲ ನೋಡು.”

“ಹೌದಕ್ಕ,” ಎಂದೆ.

“ನಿಮ್ಮ ಮನೆ ಹತ್ತಿರವೇ ಇದ್ದಾರಂತಲ್ಲ. ನಾಚಿಕೆ ಬಿಟ್ಟು ಹೋಗಿ ಅವರ ಹತ್ರ ಬರೆಯೋದು ಕಲಿತುಕೋಬಾರ್ದಾ?”

“ಹೋಗ್ತಾ ಇದೀನಿ ಅಕ್ಕ,” ಎಂದೆ. “ಪ್ರತಿ ಸೋಮವಾರ.”