ಕಾಪುವಿನ ಕಿವುಡು ಕ್ಯಾಮೆರಾ

ಕಾಪುವಿನ ಒಂದು ಹಳೆ ಕ್ಯಾಮೆರಾಕ್ಕೆ ಎರಡೂ ಕಿವಿ ಕೇಳಿಸುವುದಿಲ್ಲವೆಂದು ನಮ್ಮ ಕೇಂದ್ರವು ಪರೀಕ್ಷಿಸಿ, ದೃಢಪಡಿಸಿ, ಸೀಲು ಹಾಕಿ ಕೊಟ್ಟಿರುತ್ತದೆ. ಈ ಬಗ್ಗೆ ಸಾರ್ವಜನಿಕರು ಅನುಮಾನ ಪಡಬೇಕಾಗಿಲ್ಲ.

ನಮ್ಮದು ಸಂತೆಕಟ್ಟೆಯ ಶ್ರವಣ ಸೌಲಭ್ಯ ಕೇಂದ್ರ. ಕಿವಿಯಂತ್ರಕ್ಕೆ ಹಾಕುವ, ಅಂಗಿಯ ಗುಂಡಿಯಷ್ಟು ಗಾತ್ರದ ಬ್ಯಾಟರಿಯನ್ನು ಈ ಭಾಗದಲ್ಲಿ ಹಂಚುವ ಅಧಿಕಾರ ನಮಗೆ ಮಾತ್ರ. ಪರೀಕ್ಷೆಯಲ್ಲಿ ಕಿವುಡೆಂದು ಸಾಬೀತಾದವರಿಗಷ್ಟೇ ಕೊಡುತ್ತೇವೆ. ಅಂಗಡಿಯಲ್ಲಿ ಸಿಕ್ಕಿದರೆ ಜನ ಸೀದಾ ಹೋಗಿ ಕೊಂಡುಬಿಡುತ್ತಾರೆ. ಆಮೇಲೆ ಕೇಂದ್ರ ಯಾಕೆ, ಅದರ ಗುಮಾಸ್ತನಾದ ನಾನು ಯಾಕೆ? ನಿಯಮಗಳೆಂದರೆ ನನಗೆ ಪ್ರೀತಿ, ಮುಚ್ಚಿಡುವುದಿಲ್ಲ.

ವಿಠಲರು ಕಾಪು ಪೇಟೆಯಲ್ಲಿ ಸ್ಟುಡಿಯೋ ನಡೆಸಿ ಮುಚ್ಚಿದವರು. ಅವರ ಹಳೆಯ ರೀಲಿನ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಒಂದು ಮುಳ್ಳು ಉಂಟು. ಅದು ಓಡುತ್ತಿದ್ದದ್ದು ಪಾದರಸದ ಬ್ಯಾಟರಿಯಲ್ಲಿ. ಪಾದರಸ ವಿಷವೆಂದು ಆ ಬ್ಯಾಟರಿ ಮಾಡುವುದನ್ನೇ ನಿಲ್ಲಿಸಿ ವರ್ಷಗಳಾದವು. ಉಡುಪಿಯ ಅಂಗಡಿಯವರು ಹೆಸರು ಕೇಳಿಯೇ ತಲೆಯಾಡಿಸಿದರು. ಮಣಿಪಾಲದವರು ಕ್ಯಾಮೆರಾವನ್ನು ಶೋಕೇಸಿನಲ್ಲಿಡಲು ಸಲಹೆ ಕೊಟ್ಟರು. ಕಾರ್ಕಳದ ವಾಚು ರಿಪೇರಿಯವರು ಮಾತ್ರ ಧೈರ್ಯ ಮಾಡಿ ವಾಚಿನ ಬ್ಯಾಟರಿ ಹಾಕಿಕೊಟ್ಟರು. ಅದರ ಶಕ್ತಿ ಜಾಸ್ತಿಯಾಗಿ ಮುಳ್ಳು ಹಾರಾಡಿತು, ನಡುಮಧ್ಯಾಹ್ನ ತೆಗೆದ ಫೋಟೋಗಳೆಲ್ಲ ಅಮಾವಾಸ್ಯೆಯಾಗಿ ಬಂದವು. ಕೊನೆಗೆ ಯಾರೋ ಕಿವಿಯಂತ್ರದ ಬ್ಯಾಟರಿಯಾದರೆ ಸರಿಹೊಂದುತ್ತದೆ ಎಂದರಂತೆ.

ಅದೇ ಬ್ಯಾಟರಿ ಸಿಗದೆ ವಿಠಲರ ತಾಯಿ ಮನೋರಮಾ ಅಮ್ಮನ ಕಿವಿಯಂತ್ರವೂ ಸತ್ತಿತ್ತು. ಹಾಗಾಗಿ ವಿಠಲರು ಒಂದು ಕೈಯಲ್ಲಿ ತಾಯಿಯನ್ನೂ ಇನ್ನೊಂದು ಕೈಯಲ್ಲಿ ಕ್ಯಾಮೆರಾವನ್ನೂ ಹಿಡಿದು ನಮ್ಮಲ್ಲಿಗೆ ಬಂದರು.

ನಮ್ಮ ಪರೀಕ್ಷಕ ಜಿತೇಶ್ ಮೊದಲು ಅಮ್ಮನನ್ನು ಕೂರಿಸಿದ.

"ಅಮ್ಮಾ, ಕೇಳಿಸ್ತದಾ?"

"ಅಡ್ಡಿಲ್ಲ."

"ಎಡದ ಕಿವಿ?"

"ಅಡ್ಡಿಲ್ಲ."

"ನಿಮ್ಮ ಹೆಸರು ಎಂತ?"

"ಅಡ್ಡಿಲ್ಲ ಮಗಾ, ನೀನು ಸೌಖ್ಯವಾ?"

ನಮ್ಮ ಊರಿನ ಮರ್ಯಾದೆ ಹಾಗೆ. ಎದುರಿನವರ ತುಟಿ ಅಲ್ಲಾಡಿದರೆ ಕ್ಷೇಮ ವಿಚಾರಿಸುತ್ತಿದ್ದಾರೆ ಎಂದೇ ಲೆಕ್ಕ. ಕಾಲು ಮುರಿದು ಮಲಗಿದವರೂ ಅಡ್ಡಿಲ್ಲ ಎನ್ನಬೇಕು. ಜಿತೇಶ್ ಮಾತ್ರ ಎಲ್ಲ ಪ್ರಶ್ನೆಗೂ ತಕ್ಷಣ ಉತ್ತರ ಬಂದಿದೆ ಎಂದು ಬರೆದು, ಅಮ್ಮನನ್ನು ಆರೋಗ್ಯವಂತೆ ಎಂದು ಘೋಷಿಸಿದ.

"ಎಂತ ಮಾರಾಯ! ಅಮ್ಮನಿಗೆ ಗುಡುಗು ಹೊಡೆದರೂ ಗೊತ್ತಾಗುವುದಿಲ್ಲ!" ಎಂದು ವಿಠಲರು ಕೂಗಿದರು.

"ಉತ್ತರ ಕೊಟ್ಟವರು ಕೇಳಿಸಿಕೊಂಡವರು. ನಿಯಮ ಉಂಟು," ಎಂದೆ ನಾನು.

ವಿಠಲರಿಗೆ ಪಿತ್ತ ನೆತ್ತಿಗೇರಿತು. ಕ್ಯಾಮೆರಾವನ್ನು ಕುರ್ಚಿಯ ಮೇಲೆ ಕುಕ್ಕಿ, "ಹಾಗಾದರೆ ಇದನ್ನು ಪರೀಕ್ಷೆ ಮಾಡಿ!" ಎಂದರು. ಬಂದವರನ್ನು ವಾಪಸು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಜಿತೇಶ್ ಅದಕ್ಕೆ ಹೆಡ್‌ಫೋನ್ ತೊಡಿಸಿ ಸದ್ದು ಏರಿಸಿದ. ಕಿಟಕಿಯ ಗಾಜು ಅದುರಿತು, ಕ್ಯಾಮೆರಾ ಕಮಕ್ ಕಿಮಕ್ ಎನ್ನಲಿಲ್ಲ. ಇಷ್ಟು ಪ್ರಾಮಾಣಿಕ ಅಭ್ಯರ್ಥಿಯನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ನಮ್ಮ ಮುಖ್ಯಸ್ಥೆ ಹರಿಣಾಕ್ಷಿ ಮೇಡಂ ಕೇಳಿದರು: "ಅಭ್ಯರ್ಥಿ ಮನುಷ್ಯರೇ ಆಗಿರಬೇಕು ಅಂತ ಎಲ್ಲಿಯಾದರೂ ಉಂಟಾ?"

ಹುಡುಕಿದೆ. ಎಲ್ಲಿಯೂ ಇರಲಿಲ್ಲ. ಕ್ಯಾಮೆರಾಕ್ಕೆ ತಿಂಗಳು ತಿಂಗಳು ಬ್ಯಾಟರಿ ಮಂಜೂರಾಯಿತು.

ಕೆಲವು ದಿನಗಳ ಬಳಿಕ, ಫಲಾನುಭವಿಯ ಕ್ಷೇಮ ನೋಡಲು ಮೇಡಂ ಮತ್ತು ನಾನು ಕಾಪುವಿಗೆ ಹೋದೆವು. ಫಲಾನುಭವಿ ಮೇಜಿನ ಮೇಲೆ ಹೊಟ್ಟೆ ಖಾಲಿ ಮಾಡಿಕೊಂಡು ಕೂತಿತ್ತು. ಮನೋರಮಾ ಅಮ್ಮ ಕಂಪೌಂಡು ಗೋಡೆಗೆ ಒರಗಿ, ಆಚೆಮನೆಯ ಫಿಯೋನಾ ಬಾಯಿಯವರ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದರು.

"ಬ್ಯಾಟರಿ ಎಲ್ಲಿ?" ಎಂದರು ಮೇಡಂ.

"ಅಮ್ಮನ ಕಿವಿಯಲ್ಲಿ," ಎಂದರು ವಿಠಲರು.

"ಕಿವುಡರ ಬ್ಯಾಟರಿಯನ್ನು ಕಿವಿ ಕೇಳುವವರು ಕಿತ್ತುಕೊಳ್ಳುವುದಾ? ನಾಚಿಕೆ ಆಗಬೇಕು!"

ಮೇಡಂ ಕೈ ಚಾಚಿದರು. ಅಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ವಿಠಲರ ದನಿ ಇಳಿಯಿತು. "ತೆಗೆಯಬೇಡಿ ಮೇಡಂ. ಗೋಡೆಯಾಚೆಯಿಂದ ಕರೆದರೆ ಅಮ್ಮನಿಗೆ ಕೇಳುತ್ತಿರಲಿಲ್ಲ, ತಿರುಗಿಯೂ ನೋಡುತ್ತಿರಲಿಲ್ಲ. ಫಿಯೋನಾ ಬಾಯಿಯವರು ಅಮ್ಮನಿಗೆ ತಮ್ಮ ಮೇಲೆ ಕೋಪ ಅಂತ ತಿಳಿದು ಮಾತೇ ಬಿಟ್ಟಿದ್ದರು. ಆದರೂ ಅಮ್ಮ ದಿನಾ ಬಂದು ಗೋಡೆ ಹತ್ತಿರ ಸುಮ್ಮನೆ ನಿಂತು ಹೋಗುತ್ತಿದ್ದರು."

ನನಗೆ ಬಹಳ ಬೇಸರವಾಯಿತು. ಬೇಸರಕ್ಕೆ ನಿಯಮದಲ್ಲಿ ಜಾಗವಿಲ್ಲ. ಆದ್ದರಿಂದ ಮೇಡಂಗೆ ಬೇರೆ ನಿಯಮ ನೆನಪಿಸಿದೆ. ಯಂತ್ರ ಹಾಕಿದರೂ ಕೇಳಿಸದ ಫಲಾನುಭವಿಯು ತನ್ನ ಪರವಾಗಿ ಕೇಳಿಸಿಕೊಳ್ಳಲು ಒಬ್ಬ ಪ್ರತಿನಿಧಿಯನ್ನು ನೇಮಿಸಬಹುದು. ಮೇಡಂ ಕ್ಯಾಮೆರಾದ ಎದುರು ಬಗ್ಗಿ, "ನಿಮ್ಮ ಪರವಾಗಿ ಮನೋರಮಾ ಅಮ್ಮ ಕೇಳಿಸಿಕೊಂಡರೆ ಆಕ್ಷೇಪ ಉಂಟಾ?" ಎಂದು ವಿಧಿವತ್ತಾಗಿ ವಿಚಾರಿಸಿದರು. ಆಕ್ಷೇಪ ಬರಲಿಲ್ಲ.

ಅಂದಿನಿಂದ ಮನೋರಮಾ ಅಮ್ಮ ಕ್ಯಾಮೆರಾವನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಊರಿನ ಸುದ್ದಿಯನ್ನೆಲ್ಲ ಅದರ ಪರವಾಗಿ ಕೇಳಿಸಿಕೊಳ್ಳುತ್ತಿದ್ದಾರೆ. ಫಿಯೋನಾ ಬಾಯಿ ಫೋಟೋ ಬಿದ್ದೀತೆಂದು ತಲೆ ಬಾಚಿಕೊಂಡೇ ಗೋಡೆಯ ಹತ್ತಿರ ಬರುತ್ತಾರೆ. ಕ್ಯಾಮೆರಾದ ಮುಳ್ಳು ಈಗಲೂ ಅಲ್ಲಾಡುವುದಿಲ್ಲ. ವಿಠಲರು ಫೋಟೋ ತೆಗೆಯುವುದು ಮೊಬೈಲಿನಲ್ಲಿ.

ಈ ಯಶಸ್ಸಿನ ಬಳಿಕ ಕೇಂದ್ರವು ಹೊರಡಿಸಿದ ಪ್ರಕಟಣೆ: "ಕಿವಿ ಕೇಳದವರು ಮೊದಲು ಒಂದು ಹಳೆ ಕ್ಯಾಮೆರಾ ಹೊಂದಿಸಿಕೊಂಡು, ಅದರ ಪ್ರತಿನಿಧಿಯಾಗಿ ಬರತಕ್ಕದ್ದು." ಯಾರೂ ಎದುರಾಡಲಿಲ್ಲ. ಬಜಗೋಳಿಯಿಂದ ಎರ್ಮಾಳಿನವರೆಗೆ ಅಟ್ಟಗಳೆಲ್ಲ ಖಾಲಿಯಾದವು. ಈಗ ನಮ್ಮ ಜಗಲಿಯಲ್ಲಿ ಹಿರಿಯರು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟು ಸಾಲಾಗಿ ಕೂರುತ್ತಾರೆ.

ಮೊನ್ನೆ ಆ ಸಾಲಿನಲ್ಲಿ ಫಿಯೋನಾ ಬಾಯಿಯೂ ಇದ್ದರು. ಇತ್ತೀಚೆಗೆ ಅವರಿಗೂ ಕೇಳಿಸುವುದಿಲ್ಲವಂತೆ. ಮನೆಯಲ್ಲಿ ಕ್ಯಾಮೆರಾ ಇಲ್ಲದ್ದರಿಂದ ಹಳೆ ರೇಡಿಯೋ ತಂದಿದ್ದರು. ಜೊತೆಗೆ ಬಂದಿದ್ದ ಮನೋರಮಾ ಅಮ್ಮ ಎಷ್ಟು ಬೇಡಿಕೊಂಡರೂ ನಾವು ಒಪ್ಪಲಿಲ್ಲ. ಮಾತಾಡುವ ವಸ್ತುವನ್ನು ಕಿವುಡೆಂದು ಬರೆಯುವುದು ಸುಳ್ಳಾಗುತ್ತದೆ.

"ಬೇಜಾರಾಯಿತಾ ಬಾಯಿ?" ಎಂದು ಕೇಳಿದೆ.

ಅವರು ನನ್ನ ತುಟಿಯನ್ನೇ ನೋಡಿ ನಕ್ಕು, "ಅಡ್ಡಿಲ್ಲ," ಎಂದರು.