ಭಾವ ಹೆಚ್ಚಾಗಿ ಹೊಡೆದ ಹಲಗೆ

“ನಮ್ಮನೆಯವ್ರು ಶಾಪಿಂಗ್ ಮಾಲ್‌ಗೆ ಗೂಡಂಗಡಿ ಮಾಡ್ಕೊಡಕ್ಕೆ ಹೋಗಿ, ಅಳತೆ ತಪ್ಪಿ ಒಂದು ಹಲಗೆ ಜಾಸ್ತಿ ಹೊಡೆದ್ಬಿಟ್ರು. ಕಂಪನಿಯವ್ರು ಇನ್ಮೇಲೆ ಬರಬೇಡಿ ಅಂದ್ಬಿಟ್ರು.”

ನಮ್ಮ ಬಂಧುವರ್ಗದಲ್ಲಿ ಪ್ರಚಲಿತವಾಗಿರುವ ಇತಿಹಾಸ ಇದು. ಹೇಳುವವಳು ನನ್ನ ಅಕ್ಕ. ‘ನಮ್ಮನೆಯವ್ರು’ ಎಂದರೆ ಅವಳ ಗಂಡ, ನನ್ನ ಭಾವ. ಗೃಹಪ್ರವೇಶ, ನಾಮಕರಣ, ಆರತಿ ಎಂದು ನಾಲ್ಕು ಜನ ಸೇರಿದಲ್ಲೆಲ್ಲ ಈ ಕಥೆ ಎಲೆಯ ತುದಿಯ ಉಪ್ಪಿನಷ್ಟು ಖಚಿತವಾಗಿ ಬಂದು ಬೀಳುತ್ತದೆ. ಸಾಗಿ ಬಂದ ದಾರಿಯಲ್ಲಿ ಅದು ಬೆಳೆದೂ ಇದೆ. ಚಿಕ್ಕಮ್ಮನ ಮಗನ ಪಾಠದಲ್ಲಿ ಒಂದು ಹಲಗೆ ಮೂರಾಗಿದೆ. ಅವನ ಹೆಂಡತಿಯ ಪಾಠದಲ್ಲಿ ಮಾರುವ ಹುಡುಗಿ ಒಳಗೆ ಸಿಕ್ಕಿಹಾಕಿಕೊಂಡು, ಅವಳನ್ನು ಹೊರತೆಗೆಯಲು ಗರಗಸ ತರಿಸಬೇಕಾಯಿತಂತೆ!

ನಾನು ಶಾಲೆಯಲ್ಲಿ ಓದಿದ್ದು ಎಂಟನೆಯ ತರಗತಿಯವರೆಗೆ. ಮಿಕ್ಕಿದ್ದನ್ನೆಲ್ಲ ಮಾಕಳಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕುಳಿತು ಓದಿಕೊಂಡೆ. ಉಗ್ರಾಣ ಕಾಯುವವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಡಬ್ಬದ ಮೇಲಿನ ಚೀಟಿಯಲ್ಲಿ ಏನೇ ಬರೆದಿರಲಿ, ಮುಚ್ಚಳ ತೆರೆದು ನೋಡದೆ ಅವನು ಸಹಿ ಹಾಕುವುದಿಲ್ಲ. ಈ ಕಥೆಗೂ ನಾನು ಸಹಿ ಹಾಕಿರಲಿಲ್ಲ. ಕಾರಣ ಸರಳ. ನಮ್ಮ ಭಾವ ಎಂಥ ತಪ್ಪನ್ನಾದರೂ ಮಾಡಬಲ್ಲವರಾಗಿದ್ದರು, ಅಳತೆಯ ತಪ್ಪೊಂದನ್ನು ಬಿಟ್ಟು!

ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಅಳತೆಯ ಟೇಪು ಇರುತ್ತಿತ್ತು. ನನ್ನ ಮಗಳ ಮದುವೆಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಎದ್ದು ಕಲ್ಯಾಣಮಂಟಪದ ಊಟದ ಮೇಜನ್ನು ಅಳೆದರು. ಮೇಜು ಎರಡು ಇಂಚು ಎತ್ತರವಾಗಿರುವುದರಿಂದಲೇ ಮುದುಕಿಯರ ಮೊಣಕೈಗೆ ಪಾಯಸ ಇಳಿಯುತ್ತಿದೆಯೆಂದು ಬೀಗರೆದುರಿಗೇ ಘೋಷಿಸಿದರು. ಬೀಗರು ಅದನ್ನು ಅಡುಗೆಯ ಟೀಕೆಯೆಂದು ತಿಳಿದರು. ಸಮಾಧಾನಪಡಿಸಲು ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ. ಅದೂ ಮೊಣಕೈಗೇ ಇಳಿಯಿತು.

ಭಾವನ ಶೆಡ್ಡು ಪೀಣ್ಯದಲ್ಲಿತ್ತು. ಕಾರ್ಖಾನೆಗಳ ಸ್ವಿಚ್ಚು, ವೈರುಗಳನ್ನು ಅಡಗಿಸಿಡುವ ತಗಡಿನ ಬೀರುಗಳನ್ನು ಅಲ್ಲಿ ಮಾಡುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಗರದ ನಡುವೆ ಆಗತಾನೇ ಒಂದು ಮಾಲ್ ತೆರೆದಿತ್ತು. ಅದರ ನಡುಹಜಾರದಲ್ಲಿ ಕೂಲಿಂಗ್ ಗ್ಲಾಸ್ ಮಾರಲು ಮುಂಬಯಿಯ ಹೆಸರಾಂತ ಕಂಪನಿಯೊಂದಕ್ಕೆ ಕಿಯಾಸ್ಕ್, ಅಂದರೆ ಅಕ್ಕ ಹೇಳುವ ಗೂಡಂಗಡಿ, ಬೇಕಾಗಿತ್ತು. ಯಾರ ಶಿಫಾರಸಿನಿಂದಲೋ ಆ ಕೆಲಸ ಭಾವನಿಗೆ ಬಂತು. ಇದು ಒಪ್ಪಿಗೆಯಾದರೆ ಬೇರೆ ಊರುಗಳಿಗೆ ಇನ್ನೂ ಹತ್ತು ಎಂದರು. ಜೊತೆಗೆ ಒಂದು ದಪ್ಪ ಪುಸ್ತಕವನ್ನೂ ಕೊಟ್ಟರು: ನೀಲಿ ಯಾವ ನೀಲಿಯಾಗಿರಬೇಕು, ಹೆಸರಿನ ಅಕ್ಷರ ಎಷ್ಟೆತ್ತರವಿರಬೇಕು, ಹಿಂದಿನ ಅಂಗಡಿಗಳು ಮರೆಯಾಗದಂತೆ ಇಡೀ ಕಟ್ಟಡ ಎಷ್ಟು ಗಿಡ್ಡವಿರಬೇಕು. ಮಾರುವವರು ಸದಾ ನಿಂತೇ ಇರಬೇಕು, ಒಳಗೆ ಆಸನ ಕೂಡದು ಎಂಬುದೂ ಅದರಲ್ಲಿತ್ತು.

ಭಾವ ಮಾಲನ್ನು ನೋಡಿಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

“ಅದಕ್ಕೆ ಬೆನ್ನೇ ಇಲ್ಲ ಕಣಯ್ಯಾ,” ಎಂದರು ನನಗೆ. “ಅಂಗಡಿ ಅಂದ್ರೆ ಹಿಂದೆ ಒಂದು ಗೋಡೆ ಇರುತ್ತೆ. ಇಲ್ಲಿ ನಾಲ್ಕೂ ಕಡೆ ಜನ. ಆ ಹುಡುಗಿ ಊಟದ ಡಬ್ಬಿ ಎಲ್ಲಿಡ್ತಾಳೆ? ಆಕಳಿಸಬೇಕು ಅಂದ್ರೆ ಯಾವ ಕಡೆ ತಿರುಗ್ತಾಳೆ?”

ಆಕಳಿಕೆಗೆ ದಿಕ್ಕು ಹುಡುಕುವ ವಾಸ್ತುಶಿಲ್ಪಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ! ಆದರೆ ಯೋಚಿಸಿದಷ್ಟೂ ಪ್ರಶ್ನೆ ಕೊರೆಯತೊಡಗಿತು. ನಾವು ನೂರಾರು ಅಂಗಡಿಗಳ ಮುಂದೆ ನಿಂತಿದ್ದೇವೆ. ಎಂದಾದರೂ ಒಂದರ ಒಳಗೆ ನಿಂತು ನೋಡಿದ್ದೇವೆಯೇ?

ಮೊದಲು ಕೌಂಟರಿನ ಎತ್ತರ ನಿರ್ಧಾರವಾಗಬೇಕಿತ್ತು. ಪುಸ್ತಕದಲ್ಲಿ ಎತ್ತರ ಬರೆದಿತ್ತು. ಅದು ಯಾವ ದೇಶದ ಹೆಂಗಸಿನ ಮೊಣಕೈಯೋ ಎಂದು ಭಾವನಿಗೆ ಸಂಶಯ. ಮನೆಗೆ ಬಂದ ಹೆಂಗಸರನ್ನೆಲ್ಲ ಅಡುಗೆಮನೆಯ ಗೋಡೆಗೆ ನಿಲ್ಲಿಸಿ, ಕೈ ಮಡಿಸಲು ಹೇಳಿ, ಮೊಣಕೈಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ಹೆಸರು ಬರೆಯತೊಡಗಿದರು. ಹೂವಿನಾಕೆ, ಪಕ್ಕದ ಮನೆಯಾಕೆ, ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು, ಯಾರನ್ನೂ ಬಿಡಲಿಲ್ಲ. ಒಬ್ಬರಂತೂ ಅಳತೆ ಕೊಟ್ಟ ಮೇಲೆ, ರವಿಕೆ ಯಾವಾಗ ಸಿಗುತ್ತದೆಂದು ಅಕ್ಕನನ್ನು ಗುಟ್ಟಾಗಿ ಕೇಳಿದರು!

“ಕಾಫಿ ಕೊಡಕ್ಕೆ ಮುಂಚೆ ಗೋಡೆಗೆ ನಿಲ್ಲಿಸ್ತಾರೆ,” ಎಂದು ಅಕ್ಕ ನನ್ನ ಹತ್ತಿರ ದೂರಿದಳು. “ಇನ್ನು ನಮ್ಮನೆಗೆ ಯಾರು ಬರ್ತಾರೆ, ನೀನೇ ಹೇಳು.”

ಗೋಡೆ ತುಂಬಿದ ಮೇಲೆ ಭಾವ ಕಟ್ಟಿಗೆ, ಗೋಣಿತಟ್ಟುಗಳಿಂದ ಕಿಯಾಸ್ಕಿನ ಪೂರ್ಣಪ್ರಮಾಣದ ಮಾದರಿಯೊಂದನ್ನು ಕಟ್ಟಿದರು. ಅದನ್ನು ಪರೀಕ್ಷಿಸಲು ಜನಸಾಗರ ಬೇಕು. ಪೀಣ್ಯದಲ್ಲಿ ಮಾಲ್ ಎಲ್ಲಿಂದ ಬರಬೇಕು? ಆದರೆ ಪಾಳಿ ಬಿಡುವ ಹೊತ್ತು ಇತ್ತಲ್ಲ! ಸಂಜೆ ಮಾದರಿಯನ್ನು ಕೈಗಾಡಿಯಲ್ಲಿ ತಳ್ಳಿಸಿಕೊಂಡು ಹೋಗಿ, ದೊಡ್ಡ ಕಾರ್ಖಾನೆಯೊಂದರ ಗೇಟಿನೆದುರು ಇಟ್ಟರು. ಅಕ್ಕ ಅದೇ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆಯ ಮೇಜಿನ ಮುಂದೆ ಎಂಟು ಗಂಟೆ ನಿಂತು ಹೊರಬರುತ್ತಿದ್ದಳು. ಬಂದವಳನ್ನು ಹಾಗೆಯೇ ಮಾದರಿಯೊಳಗೆ ಮಾರುವವಳಾಗಿ ನಿಲ್ಲಿಸಿದರು. ಮಾರಲು ಏನೂ ಇರಲಿಲ್ಲ. ಆದರೂ ಐದು ನಿಮಿಷದಲ್ಲಿ ಸಾಲು ಬೆಳೆಯಿತು.

“ಏನ್ ಕೊಡ್ತಾವ್ರೆ?”

“ಗೊತ್ತಿಲ್ಲ ಗುರು. ನಿಂತ್ಕೊ, ಆಮೇಲೆ ಮುಗ್ದೋಯ್ತದೆ.”

ಕೆಲವರು ಬಸ್ ಪಾಸ್ ಎಂದರು, ಕೆಲವರು ಸೀಮೆಎಣ್ಣೆ ಎಂದರು. ಒಬ್ಬರು ತಮ್ಮ ರೇಷನ್ ಕಾರ್ಡಿನಲ್ಲಿ ಅತ್ತೆಯ ಹೆಸರು ಬಿಟ್ಟುಹೋಗಿದೆಯೆಂದು ಅಕ್ಕನೊಡನೆ ಜಗಳಕ್ಕೇ ನಿಂತರು. ಭಾವ ಮಾತ್ರ ಯಾರ ಮುಖವನ್ನೂ ನೋಡದೆ ಅವರ ಕೈಕಾಲುಗಳನ್ನೇ ಗಮನಿಸುತ್ತ ಗುರುತು ಹಾಕಿಕೊಳ್ಳುತ್ತಿದ್ದರು. ಎಲ್ಲರೂ ಊಟದ ಚೀಲವನ್ನು ಮೂಲೆಯಲ್ಲೇ ಇಡುತ್ತಾರೆ, ತಿರುಗುವಾಗ ಸೊಂಟಕ್ಕೆ ಮೂಲೆಯೇ ತಾಗುತ್ತದೆ. ಅಂದೇ ಮೂಲೆಗಳು ಹೋಗಿ ಕಿಯಾಸ್ಕ್ ದುಂಡಗಾಯಿತು.

ಸ್ವಲ್ಪ ಹೊತ್ತಿಗೆ ಅಕ್ಕ ಕಾಣದಾದಳು. “ಕೌಂಟರಲ್ಲಿ ಯಾರೂ ಇಲ್ಲ ಕಣ್ರೀ,” ಎಂದು ಸಾಲು ಗೊಣಗತೊಡಗಿತು. ಹೋಗಿ ನೋಡಿದರೆ, ಒಳಗೆ ಬಣ್ಣದ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಕಾಲು ಒತ್ತಿಕೊಳ್ಳುತ್ತಿದ್ದಾಳೆ. ಭಾವ ಅವಳನ್ನು ಒಂದು ಕ್ಷಣ ನೋಡಿದರು. ಆಮೇಲೆ ಟೇಪು ತೆಗೆದು ಡಬ್ಬದ ಎತ್ತರವನ್ನು ಅಳೆದರು! ಹೆಂಡತಿಗೆ ನೀರು ಕೊಡುವುದು ಬಿಟ್ಟು ಡಬ್ಬ ಅಳೆಯುವ ಗಂಡನೆಂದು ನಾನು ಈ ಪ್ರಸಂಗವನ್ನು ಎಷ್ಟು ಕಡೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ.

ಕಿಯಾಸ್ಕ್ ಸಿದ್ಧವಾಯಿತು. ಮುಂಬಯಿಯಿಂದ ಸಾಹೇಬರೊಬ್ಬರು ಬಂದು ಪುಸ್ತಕ ಹಿಡಿದುಕೊಂಡು ನೋಡಿದರು. ಒಳಗೆ, ಕೌಂಟರಿನ ಕೆಳಗೆ, ಕೀಲಿನ ಮೇಲೆ ಮಡಚುವ ಒಂದು ಹಲಗೆಯಿತ್ತು. ಸಾಮಾನಿಡಲು ಅದು ಅಡ್ಡ. ಕುರ್ಚಿಯೆನ್ನಲು ವಿಪರೀತ ಎತ್ತರ. ಇದೇಕೆಂದು ಕೇಳಿದ್ದಕ್ಕೆ ಭಾವ, ತೆಗೆದರೆ ಕೌಂಟರ್ ಅಲುಗುತ್ತದೆ ಎಂದರು. ಸಾಹೇಬರು ತಲೆಯಾಡಿಸಿದರು. ಕಿಯಾಸ್ಕ್ ಮಾಲಿಗೆ ಹೋಯಿತು.

ಕೆಲವು ತಿಂಗಳ ಮೇಲೆ ಭಾವ ಮನೆಗೆ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕುಳಿತು, ಅಳತೆ ತಪ್ಪಿ ಒಂದು ಹಲಗೆ ಜಾಸ್ತಿಯಾಗಿಬಿಟ್ಟಿತ್ತೆಂದೂ ಆ ಹತ್ತು ಕಿಯಾಸ್ಕ್ ಇನ್ನು ಬರುವುದಿಲ್ಲವೆಂದೂ ಹೇಳಿದರು. ಅಕ್ಕ ಮೊದಲು ನಂಬಲಿಲ್ಲ, ಆಮೇಲೆ ನಕ್ಕಳು. ಊರನ್ನೆಲ್ಲ ಅಳೆದವರು ಹೀಗೆ ಎಡವಿದರೆ ಯಾರಿಗೆ ತಾನೇ ನಗು ಬಾರದು? ಭಾವನೂ ನಕ್ಕರು. ಮುಂದೆ ಅವರು ಇದ್ದಷ್ಟು ಕಾಲ, ಈ ಕಥೆ ಬಂದಾಗಲೆಲ್ಲ ಎಲ್ಲರಿಗಿಂತ ಮುಂಚೆ ನಗುತ್ತಿದ್ದವರು ಅವರೇ. ಆ ನಗೆಯೇ ನನಗೆ ಅನುಮಾನ ತಂದದ್ದು. ತಪ್ಪು ಮಾಡಿದವನು ಅಷ್ಟು ನಿರಾಳವಾಗಿ ನಗುತ್ತಾನೆಯೇ?

ಭಾವ ಹೋಗಿ ಮೂರು ವರ್ಷವಾಗಿತ್ತು. ನಿವೃತ್ತನಾಗಿ ಚಂದಾಪುರದಲ್ಲಿ ಬಾಡಿಗೆಗಿದ್ದ ನಾನು ಕನ್ನಡಕದ ಕಾಲು ಮುರಿದುಕೊಂಡು ಅಲ್ಲಿನ ಸಣ್ಣ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯಾಕೆಗೆ ನಲವತ್ತರ ಆಸುಪಾಸು. ಮುಖ ನನ್ನ ಮುಖದ ಮಟ್ಟಕ್ಕೇ ಇತ್ತು, ನಿಂತಿದ್ದಾರೆಂದೇ ತಿಳಿದಿದ್ದೆ. ಸ್ಕ್ರೂ ಹುಡುಕಲು ಅವರು ಪಕ್ಕಕ್ಕೆ ಸರಿದಾಗ, ಅರ್ಧ ನಿಂತಂತೆ ಅರ್ಧ ಕುಳಿತಂತೆ ಅವರು ಒರಗಿದ್ದ ಹಲಗೆ ಕಂಡಿತು. ಆ ನೀಲಿಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯಬಲ್ಲೆ.

ಅದು ಎಲ್ಲಿಯದೆಂದು ಕೇಳಿದೆ. ಮಾಲಿನಲ್ಲಿ ತನ್ನ ಮೊದಲ ಕೆಲಸದ್ದು ಎಂದರು. ಕಿಯಾಸ್ಕ್ ಕಳಚಿ ಗುಜರಿಗೆ ಹಾಕುವಾಗ ಇದೊಂದನ್ನು ಕೇಳಿ ಪಡೆದುಕೊಂಡರಂತೆ. ಕಿಯಾಸ್ಕನ್ನು ಮಾಲಿಗೆ ತಂದು ನಿಲ್ಲಿಸಿದ ದಿನವೇ ಭಾವ ಅವರಿಗೆ ಹಲಗೆಯ ಗುಟ್ಟು ತೋರಿಸಿದ್ದರು: ಇದರ ಮೇಲೆ ಒರಗಿದರೆ ಹೊರಗಿನವರ ಕಣ್ಣಿಗೆ ನಿಂತಂತೆಯೇ ಕಾಣುತ್ತದೆ. ಆದರೆ ಒಂದು ದಿನ ಸಾಹೇಬರು ಹೇಳದೆ ಬಂದು, ಪಕ್ಕದ ಚಿಕ್ಕ ಬಾಗಿಲನ್ನೇ ತೆರೆದುಬಿಟ್ಟರು. ಕುಳಿತದ್ದಕ್ಕೆ ಕಂಪನಿಯ ಬೇರೆ ಅಂಗಡಿಗಳಲ್ಲಿ ಆಗಲೇ ಇಬ್ಬರು ಹುಡುಗಿಯರು ಕೆಲಸ ಕಳೆದುಕೊಂಡಿದ್ದರಂತೆ. ಬೀಗ ಸರಿಮಾಡಲು ಬಂದಿದ್ದ ಭಾವ ಅಲ್ಲೇ ಇದ್ದರು.

“ಅಂಕಲ್ ನನ್ನ ಕಡೆ ನೋಡ್ಲೇ ಇಲ್ಲ ಸಾರ್,” ಎಂದರು ಆಕೆ. “ಅದು ಸೀಟಲ್ಲ, ನಂದೇ ತಪ್ಪು, ಅಳತೆ ತಪ್ಪಿ ಉಳ್ಕೊಂಡಿರೋ ಹಲಗೆ, ಕೌಂಟರ್ ಅಲುಗುತ್ತೆ ಅಂದಿದ್ದು ಅದನ್ನ ಮುಚ್ಚಿಡಕ್ಕೆ, ಆ ಹುಡುಗಿ ಎಡವಿ ಅದರ ಮೇಲೆ ಬಿದ್ದಿದಾಳೆ ಅಂತ ಹೇಳ್ಬಿಟ್ರು. ಬೈಸ್ಕೊಂಡಿದ್ದೆಲ್ಲ ಅವರೇ. ನನ್ನ ಕೆಲಸ ಉಳೀತು.”

ಹಾಗಾದರೆ ನಮ್ಮ ವಂಶದ ಇತಿಹಾಸವನ್ನು ರಚಿಸಿದವರು ಸ್ವತಃ ಭಾವ! ಸಾಹೇಬರಿಗೆ ಒಂದು, ಮನೆಯಲ್ಲಿ ಒಂದು ಹೇಳಿದರೆ ಮಾತು ಎಲ್ಲಾದರೂ ಸೋರೀತೆಂದು ಎರಡೂ ಕಡೆ ಒಂದೇ ಅಳತೆ ಇಟ್ಟಿದ್ದರು.

ಆದರೂ ನಾನು ಉಗ್ರಾಣದವನು. ಹಲಗೆಯನ್ನು ನೋಡಬಹುದೇ ಎಂದು ಕೇಳಿದೆ. ಅದರ ಮುಂದಿನ ಅಂಚನ್ನು ತೊಡೆಗೆ ಒತ್ತದಂತೆ ಅರದಿಂದ ಉಜ್ಜಿ ದುಂಡಗೆ ಮಾಡಿತ್ತು. ತಪ್ಪಿ ಉಳಿದ ಹಲಗೆಯ ಅಂಚನ್ನು ಯಾರು ಕುಳಿತು ನುಣುಪು ಮಾಡುತ್ತಾರೆ? ಬಗ್ಗಿ ಕೆಳಗೆ ನೋಡಿದೆ. ಬಣ್ಣ ಬಳಿಯದೆ ಬಿಟ್ಟ ಕಡೆ ಭಾವನ ಪೆನ್ಸಿಲಿನ ಅಕ್ಷರವಿತ್ತು: ‘ಡಬ್ಬಕ್ಕಿಂತ ಒಂದು ಗೇಣು ಎತ್ತರ. ಇವಳಿಗೆ ಸರಿ.’

ಮುಂದಿನ ಭಾನುವಾರ ಅಕ್ಕನನ್ನು ಕರೆದುಕೊಂಡು ಹೋದೆ. ಅವಳು ಕನ್ನಡಕ ಒರೆಸಿಕೊಂಡು ಓದಿದಳು, ಮತ್ತೊಮ್ಮೆ ಓದಿದಳು. ಹಲಗೆಯನ್ನು ಬಿಡಿಸಿ, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಅದರ ಮೇಲೆ ಒರಗಿದಳು. ಬಗ್ಗಿ ಒಮ್ಮೆ ಕಾಲು ಒತ್ತಿಕೊಂಡಳು.

“ಸರಿಯಾಗೇ ಇದೆ,” ಎಂದಳು ಕೊನೆಗೆ.

ಹಲಗೆ ಈಗಲೂ ಚಂದಾಪುರದಲ್ಲೇ ಇದೆ. ಚಿಕ್ಕಮ್ಮನ ಮಗನೂ ಅವನ ಹೆಂಡತಿಯೂ ಸೇರಿದಂತೆ, ನಂಬದವರು ಯಾರು ಬೇಕಾದರೂ ಹೋಗಿ, ಬಗ್ಗಿ, ಓದಿಕೊಳ್ಳಬಹುದು. ಆದರೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ. ಮಧ್ಯಾಹ್ನದ ಮೇಲೆ ಅಂಗಡಿಯಾಕೆ ಅದರ ಮೇಲೆ ಕುಳಿತಿರುತ್ತಾರೆ. ಅವರನ್ನು ಏಳಿಸಿ ನೋಡುವುದು ಭಾವನಿಗೆ ಹಿಡಿಸುವ ಮಾತಲ್ಲ.