ಮೂರನೇ ನಂಬರಿನ ಕಂಪ್ಯೂಟರು

ಆ ದಿನದ ಅನಾಹುತಕ್ಕೆಲ್ಲ ಮೂಲ ಜೆರಾಕ್ಸ್ ಅಂಗಡಿಯ ಹರಿಹರನ ಫೋನು. ಕಿವಿಗೆ ಹಿಡಿದರೆ ಮೌನವ್ರತ, ಸ್ಪೀಕರಿಗೆ ಹಾಕಿದರೆ ಮಾತ್ರ ಮಾತು ಎಂಬ ದುರಭ್ಯಾಸ ಅದಕ್ಕೆ ಅಂಟಿಕೊಂಡಿತ್ತು. ಹೀಗಾಗಿ ಅವನ ಖಾಸಗಿ ವ್ಯವಹಾರವೆಲ್ಲ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸಾರ್ವಜನಿಕ ಪ್ರಕಟಣೆಯಂತೆ ನಡೆಯುತ್ತಿತ್ತು.

"ಹರಿಹರ ಸರ್ ಅಲ್ವಾ? ನಾನು ಅರ್ಪಣಾ, ಬೆಂಗಳೂರಿನ 'ಅಪ್ಪಟ' ಕಂಪನಿಯಿಂದ. ಇವತ್ತು ಮೂರು ಗಂಟೆಗೆ ಶಶಾಂಕ್ ಸರ್ ಜೊತೆ ಕ್ಯಾಮೆರಾ ತಗೊಂಡು ನಿಮ್ಮ ಅಂಗಡಿಗೆ ಬರ್ತಿದೀವಿ. ಆ ಮೂರನೇ ನಂಬರ್ ಕಂಪ್ಯೂಟರ್ ಇದೆಯಲ್ಲ, ಅದರ ವಿಷಯಕ್ಕೆ..."

ಅಷ್ಟಕ್ಕೆ ಸಿಗ್ನಲ್ಲು ಹೋಯಿತು. ಮತ್ತೆ ಎಷ್ಟು ಪ್ರಯತ್ನಿಸಿದರೂ ಸಿಗಲಿಲ್ಲ. ಆದರೆ ಸುದ್ದಿ ಹರಡಲು ಟವರಿನ ಅಗತ್ಯವಿರಲಿಲ್ಲ. ಪಕ್ಕದ ಹೊಲಿಗೆ ಅಂಗಡಿಯ ಜಲಜಮ್ಮ ಆಗಲೇ ಬೀದಿಗಿಳಿದಿದ್ದರು.

ಶಶಾಂಕನೆಂದರೆ ಹಿರೇಕೊಡಿಗೆಯ ಹುಡುಗ, ಈಗ ದೊಡ್ಡ ಸ್ಟಾರ್ಟಪ್ಪೊಂದರ ಒಡೆಯ. ಹಳೆಯ ವಸ್ತುವಿನ ಫೋಟೊ ತೋರಿಸಿದರೆ ಅದು ಅಸಲಿಯೋ ನಕಲಿಯೋ ಎಂದು ಕ್ಷಣದಲ್ಲಿ ತೀರ್ಪು ಕೊಡುವ ಆ್ಯಪು ಅವನದು. ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದು ನಿಂತುಹೋದ ಕಾಲದಲ್ಲಿ ನಂಬಿಕೆಯನ್ನೂ ಪೊಟ್ಟಣ ಕಟ್ಟಿ ಮಾರಬಹುದೆಂದು ಕಂಡುಕೊಂಡವನು ಅವನು. ಕಳೆದ ತಿಂಗಳು ಪತ್ರಿಕೆಯೊಂದರ ಸಂದರ್ಶನದಲ್ಲಿ, "ನನ್ನ ಕಂಪನಿಯ ಬೀಜ ಬಿದ್ದದ್ದು ಕೊಪ್ಪದ ಹರಿಹರ ಸರ್ ಸೈಬರಿನ ಮೂರನೇ ನಂಬರ್ ಕಂಪ್ಯೂಟರಿನ ಮುಂದೆ. ಎಂದೂ ಸುಳ್ಳು ಹೇಳದ ಮನುಷ್ಯನನ್ನು ನಾನು ಕಂಡದ್ದೂ ಅಲ್ಲೇ" ಎಂದಿದ್ದ. ಆ ತುಣುಕನ್ನು ಹರಿಹರ ಲ್ಯಾಮಿನೇಶನ್ ಮಾಡಿ ಗೋಡೆಗೆ ತೂಗುಹಾಕಿದ್ದ. ಐವತ್ತೈದು ವರ್ಷದ ಬಾಳಿನಲ್ಲಿ ಅವನು ಗಳಿಸಿದ ಆಸ್ತಿಯೆಂದರೆ ಆ ಎರಡನೆಯ ವಾಕ್ಯ.

ಅದು ಸುಮ್ಮನೆ ಬಂದ ಹೆಸರಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಆ ಅಂಗಡಿಯಲ್ಲಿ ಆರು ಕಂಪ್ಯೂಟರುಗಳಿದ್ದವು, ಒಂದೇ ಒಂದು ಟೆಲಿಫೋನ್ ಲೈನಿತ್ತು. ಮೋಡೆಮ್ಮು ಕಿರುಚಿ, ಕೋಳಿಯಂತೆ ಕೊಕ್ಕರಿಸಿ, ಕೊನೆಗೊಮ್ಮೆ ಜಗತ್ತಿಗೆ ಬಾಗಿಲು ತೆರೆಯುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಶೃಂಗೇರಿಯಲ್ಲಿ ಲೈನು ಸತ್ತ ದಿನ ಅಲ್ಲಿಯ ಹುಡುಗರೂ ಬಸ್ಸು ಹತ್ತಿ ಬರುತ್ತಿದ್ದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಸಾಲು ಬಸ್ ಸ್ಟ್ಯಾಂಡಿನವರೆಗೆ ಬೆಳೆಯುತ್ತಿತ್ತು. ಪಾಸಾದವರು ಪರದೆಗೆ ಕೈಮುಗಿಯುತ್ತಿದ್ದರು. ಲೈನು ಕಡಿದೊಡನೆ ಒಮ್ಮೆ, ಮರಳಿ ಸಿಕ್ಕಿದೊಡನೆ ಇನ್ನೊಮ್ಮೆ ಹರಿಹರ ಹಿತ್ತಾಳೆಯ ಗಂಟೆ ಬಾರಿಸುತ್ತಿದ್ದ. ಆ ಗಂಟೆಯಿಂದ ಮುಂದಿನ ಗಂಟೆಯವರೆಗಿನ ನಿಮಿಷಗಳಿಗೆ ಯಾರೂ ಕಾಸು ಕೊಡಬೇಕಿರಲಿಲ್ಲ. ಕೇಳುವವರಿಲ್ಲದಿದ್ದರೂ ಬಾರಿಸುತ್ತಿದ್ದ. ಒಂದೊಂದು ಯಂತ್ರವನ್ನೂ ಮನೆಯ ದನದಂತೆ ಸಾಕಿದ್ದ. ಮೂರನೆಯದರ ರಬ್ಬರ್ ಕಾಲೊಂದು ಕಳಚಿ ಅದು ಕುಂಟತೊಡಗಿದಾಗ, ಮನೆಯ ಕೇರಂ ಬೋರ್ಡಿನ ಕಪ್ಪು ಪಾನೊಂದನ್ನು ತಂದು ಅಂಟಿಸಿದ್ದ. ಅಂದಿನಿಂದ ಅವನ ಹೆಂಡತಿ ಗೋದಾವರಿಯ ತವರಿನವರು ಬಂದಾಗಲೆಲ್ಲ ಒಂದು ಪಾನು ಕಡಿಮೆಯಲ್ಲೇ ಕೇರಂ ಆಡುತ್ತಿದ್ದರು.

ಆಮೇಲೆ ಎಲ್ಲರ ಜೇಬಿಗೂ ಇಂಟರ್ನೆಟ್ಟು ಬಂತು. ಕಂಪ್ಯೂಟರುಗಳು ಗುಜರಿಗೆ ಹೋದವು. ಈಗ ಉಳಿದಿರುವುದು ಜೆರಾಕ್ಸು, ಲ್ಯಾಮಿನೇಶನ್ನು ಮತ್ತು ಆ ಗಂಟೆ.

"ಬರಲಿ ಬಿಡಿ. ಗುಜರಿಗೆ ಹಾಕಿಯಾಯ್ತು ಅಂತ ನಿಜ ಹೇಳಿ ಮುಗಿಸಿ. ಅದಕ್ಕೆಂತಕ್ಕೆ ಬೆವರೋದು?" ಎಂದಳು ಗೋದಾವರಿ.

ಹರಿಹರನೂ ಹಾಗೆಯೇ ನಿರ್ಧರಿಸಿದ್ದ. ಅಷ್ಟರಲ್ಲಿ ವರ್ತಕರ ಸಂಘದ ಅಧ್ಯಕ್ಷ ಪರಮೇಶ್ವರಪ್ಪ ದಿನಸಿ ಅಂಗಡಿಯ ತಕ್ಕಡಿ ಬಿಟ್ಟು ಓಡಿಬಂದರು.

"ಹುಚ್ಚನಾ ಮಾರಾಯ ನೀನು? ನಮ್ಮೂರಿನ ಕಂಪ್ಯೂಟರು ಟಿವಿಯಲ್ಲಿ ಬರೋ ಹೊತ್ತಿಗೆ ಗುಜರಿ ಅಂತೀಯಲ್ಲ! ಊರಿನ ಮರ್ಯಾದೆ ಪ್ರಶ್ನೆ ಇದು."

"ಇಲ್ಲದ್ದನ್ನು ಇದೆ ಅನ್ನಲಾ?"

"ಇದೆ ಅಂತ ನೀನು ಹೇಳ್ಬೇಡ. ನಾವು ಇಡ್ತೇವೆ, ನೀನು ಪಕ್ಕದಲ್ಲಿ ನಿಲ್ಲು. ನಿಲ್ಲೋದು ಸುಳ್ಳಾಗ್ತದಾ?"

ಸುಳ್ಳು ಯಾವಾಗಲೂ ಹೀಗೆಯೇ ಮನೆಯೊಳಗೆ ಬರುವುದು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಬಲು ವಿನಯದಿಂದ. ನಿಲ್ಲುವುದರಲ್ಲಿ ತಪ್ಪೇನು ಎಂದು ಹರಿಹರ ಒಂದು ಕ್ಷಣ ಯೋಚಿಸಿದ. ಆ ಒಂದು ಕ್ಷಣ ಪರಮೇಶ್ವರಪ್ಪನವರಿಗೆ ಸಾಕಾಯಿತು.

ನರಸಿಂಹರಾಜಪುರದ ರಸ್ತೆಯಲ್ಲಿರುವ ಗುಲಾಮ್ ಹುಸೇನರ ಗುಜರಿಗೆ ಇಬ್ಬರೂ ಹೋದಾಗ, ಅವರು ಕುಶನ್ನು ಹಾಕಿದ ಒಂದು ಸ್ಟೂಲಿನ ಮೇಲೆ ಕೂತು ಹಿತ್ತಾಳೆ ತೂಗುತ್ತಿದ್ದರು.

"ನಿಮ್ಮ ಆರು ಕಂಪ್ಯೂಟರಾ ಸಾರ್? ನಾಲ್ಕು ಶಿವಮೊಗ್ಗಕ್ಕೆ ಲೋಡಾಯ್ತು. ಮೂರು ವರ್ಷದ ಹಿಂದೆ ಬೆಂಗಳೂರಿನವರು ಯಾರೋ ಬಂದು ಮೂರನೇ ನಂಬರೇ ಬೇಕು ಅಂತ ಒಂದು ತಗೊಂಡುಹೋದ್ರು."

"ಆರನೆಯದು?" ಎಂದರು ಪರಮೇಶ್ವರಪ್ಪ, ಆ ಬೆಂಗಳೂರಿನವರು ಯಾರೆಂದು ಕೇಳುವ ಪುರುಸೊತ್ತೂ ಇಲ್ಲದೆ.

ಗುಲಾಮ್ ಹುಸೇನರು ಎದ್ದು ನಿಂತು ಕುಶನ್ನು ತೆಗೆದರು. ಕೆಳಗಿದ್ದದ್ದು ಸ್ಟೂಲಲ್ಲ, ಅಡ್ಡ ಮಲಗಿಸುವ ಹಳೆಯ ಮಾದರಿಯ ಕಂಪ್ಯೂಟರ್ ಪೆಟ್ಟಿಗೆ. "ಇದನ್ನ ಮಾತ್ರ ಕೊಡಲ್ಲ ಸಾರ್. ಇದ್ದದ್ದರಲ್ಲಿ ಅಲುಗಾಡದೆ ಕೂರೋದು ಇದೊಂದೇ. ನನ್ನ ಸೊಂಟಕ್ಕೆ ಒಗ್ಗಿದೆ."

"ಸಂಜೆಯವರೆಗೆ ಕಡ ಕೊಡಿ ಸಾಬ್ರೇ" ಎಂದು ಪರಮೇಶ್ವರಪ್ಪ ಅದನ್ನು ಆಟೋಕ್ಕೆ ಹಾಕಿಯೇಬಿಟ್ಟರು.

ಮಾನಿಟರು ಜಲಜಮ್ಮನ ಹಿತ್ತಲಲ್ಲಿ ಸಿಕ್ಕಿತು. ಗಾಜೂ ಒಡಲೂ ಹೋಗಿ ಬರಿಯ ಪೆಟ್ಟಿಗೆ ಉಳಿದಿತ್ತು. ಅದರೊಳಗೆ ಹೇಂಟೆಯೊಂದು ಹನ್ನೊಂದು ಮೊಟ್ಟೆಗಳ ಮೇಲೆ ಮಹಾರಾಣಿಯಂತೆ ಕಾವಿಗೆ ಕೂತಿತ್ತು.

"ಕೋಳಿ ಎಬ್ಬಿಸಿದರೆ ನಾನು ಸುಮ್ಮನಿರಲ್ಲ!" ಎಂದರು ಜಲಜಮ್ಮ. "ಹತ್ತೊಂಬತ್ತು ದಿನ ಆಯ್ತು. ಬೇಕಾದರೆ ಕೋಳಿ ಸಮೇತ ತಗೊಂಡುಹೋಗಿ."

ಕೋಳಿ ಸಮೇತವೇ ತಂದರು. ಪರದೆಯ ಜಾಗಕ್ಕೆ ಹಸಿರು ಗುಡ್ಡ, ನೀಲಿ ಆಕಾಶದ ಕಲರ್ ಪ್ರಿಂಟೊಂದನ್ನು ಅಂಟಿಸಿದರು. ಅದನ್ನು ಮುದ್ರಿಸಿದ್ದು ಹರಿಹರನ ಯಂತ್ರ, ಹರಿಹರನ ಕೈ. ನಿಲ್ಲುವುದಷ್ಟೇ ಎಂದಿದ್ದವನು ಮಧ್ಯಾಹ್ನದ ಹೊತ್ತಿಗೆ ಗುಜರಿಯ ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ದಪ್ಪನೆಯ ಮೂರು ಬರೆಯುತ್ತಿದ್ದ. ಗೋದಾವರಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರು ಗಂಟೆಗೆ ಸರಿಯಾಗಿ ಕಾರು ಬಂತು. ಶಶಾಂಕ ಇಳಿದವನೇ ಹರಿಹರನ ಕಾಲಿಗೆ ನಮಸ್ಕರಿಸಿದ. ಕಣ್ಣಿಗೆ ಬಿದ್ದ ಗಂಟೆಯನ್ನು ಒಮ್ಮೆ ಮೆಲ್ಲನೆ ಬಾರಿಸಿದ. "ಸರ್, ಇದರ ಸದ್ದು ಕೇಳಿದರೆ ಈಗಲೂ ಕೈ ಕೀಬೋರ್ಡಿನಿಂದ ತಾನಾಗಿ ಏಳ್ತದೆ" ಎಂದ. ಇಬ್ಬರ ಕಣ್ಣೂ ಒದ್ದೆಯಾದವು.

ಅರ್ಪಣಾ ಕ್ಯಾಮೆರಾ ಹೂಡಿದಳು. ಗಂಟೆಯ ಸದ್ದಿಗೋ ಏನೋ, ಮಾನಿಟರಿನೊಳಗಿಂದ ಕೊರ್‍ರ್ ಕೊಕೊಕ್ಕೋ ಎಂಬ ಸ್ವರ ಹೊರಟಿತು.

"ಏನದು ಸೌಂಡು?" ಎಂದಳು ಅರ್ಪಣಾ.

"ಮೋಡೆಮ್ಮು" ಎಂದರು ಜಲಜಮ್ಮ, ಕಣ್ಣು ಮಿಟುಕಿಸದೆ. "ಲೈನು ಸಿಕ್ತಾ ಇದೆ."

ಲೈನು ಸಿಕ್ಕಿಯೂ ಬಿಟ್ಟಿತು. ಕ್ಯಾಮೆರಾದ ದೀಪ ಹತ್ತಿದೊಡನೆ ಹಸಿರು ಗುಡ್ಡ ಬಿರಿದು, ಅದರ ನಡುವಿನಿಂದ ಕೆಂಪು ಜುಟ್ಟಿನ ತಲೆಯೊಂದು ಹೊರಬಂದು ಶಶಾಂಕನನ್ನು ದುರುಗುಟ್ಟಿ ನೋಡಿತು.

"ಸರ್, ಇದೆಲ್ಲ ಏನು?" ಶಶಾಂಕ ಬೆರಗಾದ. "ಮೂರನೇ ನಂಬರು ನಮ್ಮ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆಯಲ್ಲ! ಮೂರು ವರ್ಷದ ಹಿಂದೆ ಗುಜರಿಯಿಂದ ನಾವೇ ತಂದದ್ದು. ನಮ್ಮ ಆ್ಯಪು ಅಸಲಿ ಅಂತ ತೊಂಬತ್ತೊಂಬತ್ತು ಅಂಕ ಕೊಟ್ಟಿದೆ. ಆದರೆ ಹಣ ಹಾಕುವವರು ಯಂತ್ರದ ಮಾತು ಸಾಲದು, ಒಬ್ಬ ಮನುಷ್ಯನ ಸಾಕ್ಷಿ ಬೇಕು ಅಂತಿದ್ದಾರೆ. ಸುಳ್ಳು ಹೇಳದ ಒಬ್ಬರು ನನಗೆ ಗೊತ್ತು ಅಂದೆ. ಅದಕ್ಕೇ ಬಂದೆ."

ಹರಿಹರನಿಗೆ ಭೂಮಿ ಬಾಯ್ದೆರೆಯಬಾರದೇ ಎನ್ನಿಸಿತು. ಗೋಡೆಯ ಮೇಲಿನ ತುಣುಕನ್ನು ನೋಡಿದ. ಪರಮೇಶ್ವರಪ್ಪನವರನ್ನು ನೋಡಿದ. ಅವರು ಛಾವಣಿಯ ಹೆಂಚು ಎಣಿಸುತ್ತಿದ್ದರು.

"ಶಶಾಂಕ, ತಪ್ಪಾಯಿತು" ಎಂದ. "ಕ್ಯಾಮೆರಾ ಹಾಗೆಯೇ ಇರಲಿ. ಈ ಊರಿನೆದುರು ಹೇಳುತ್ತೇನೆ. ಇದು ನಕಲಿ. ಮೇಲಿನ ನಂಬರನ್ನು ಇಂದು ನಾನೇ ಬರೆದೆ. ಗುಲಾಮ್ ಹುಸೇನರು ನಿಮಗೆ ಕೊಟ್ಟದ್ದೇ ಅಸಲಿ ಮೂರನೇ ನಂಬರು. ಇದು ನನ್ನ ಪ್ರಮಾಣ."

ಶಶಾಂಕ ಬಂದು ಅಪ್ಪಿಕೊಂಡ. "ಈಗಲೂ ನೀವು ಬದಲಾಗಿಲ್ಲ ಸರ್!" ಅರ್ಪಣಾ ಕಣ್ಣೊರೆಸಿಕೊಂಡಳು. ಕಾರು ಧೂಳೆಬ್ಬಿಸಿ ಹೊರಟಿತು. ಬಾಗಿಲಲ್ಲಿ ನಿಂತಿದ್ದ ಗೋದಾವರಿಯ ಮುಖದಲ್ಲಿ ಬೆಳಗಿನಿಂದ ಕಾಣದ ನಗೆ ಮೂಡಿತು. ಹರಿಹರ ಗಂಗೆಯಲ್ಲಿ ಮಿಂದವನಂತೆ ಹಗುರಾದ.

ಸಂಜೆ ಗುಲಾಮ್ ಹುಸೇನರು ಸ್ಟೂಲಿಗಾಗಿ ಬಂದರು. ಕೊಡುವ ಮೊದಲು ಬಣ್ಣ ಒರೆಸೋಣವೆಂದು ಹರಿಹರ ಪೆಟ್ಟಿಗೆಯನ್ನು ಮಗುಚಿದ.

ಕೆಳಗೆ ಮೂರು ರಬ್ಬರ್ ಕಾಲುಗಳಿದ್ದವು. ನಾಲ್ಕನೆಯ ಮೂಲೆಯಲ್ಲಿ ಹಳದಿಗಟ್ಟಿದ ಅಂಟಿನ ನಡುವೆ ಕೇರಂನ ಕಪ್ಪು ಪಾನು.

"ಸಾಬ್ರೇ..." ಹರಿಹರ ಪಾನನ್ನು ಉಗುರಿನಿಂದ ಕೆರೆದು ನೋಡಿದ. "ಬೆಂಗಳೂರಿನವರಿಗೆ ಮೂರನೆಯದು ಕೊಟ್ಟೆ ಅಂದಿರಲ್ಲ?"

"ನಾನೆಲ್ಲಿ ಅಂದೆ ಸಾರ್? ಅವರು ಮೂರನೆಯದು ಬೇಕು ಅಂದ್ರು. ನಂಬರೆಲ್ಲ ಮಳೆಗೆ ತೊಳೆದುಹೋಗಿದೆ, ನೀವೇ ನೋಡ್ಕೊಳ್ಳಿ ಅಂದೆ. ಫೋನು ಹಿಡಿದು ಎರಡಕ್ಕೂ ತೋರಿಸಿದ್ರು, ಇನ್ನೊಂದೇ ಅದು ಅಂದ್ರು. ನನಗೂ ಸ್ಟೂಲು ಉಳೀತು."

ಹರಿಹರ ಕಂಪನಿಗೆ ಫೋನು ಮಾಡಿದ. ಶಶಾಂಕ ಸಿಗಲಿಲ್ಲ, ಮಧುರವಾದ ಯಂತ್ರದ ದನಿಯೊಂದು ಸಿಕ್ಕಿತು. "ಅಪ್ಪಟಕ್ಕೆ ಸ್ವಾಗತ. ವಸ್ತುವಿನ ಫೋಟೊ ಕಳುಹಿಸಿ. ನಿಜ ಯಾವುದೆಂದು ನಾವು ಹೇಳುತ್ತೇವೆ."

ಕೇರಂ ಪಾನು ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದು, ನಡೆದದ್ದನ್ನೆಲ್ಲ ಬರೆದು ಕಳುಹಿಸಿದ. ಅರ್ಧ ನಿಮಿಷದಲ್ಲಿ ಅದೇ ಮಧುರ ದನಿಯಲ್ಲಿ ಉತ್ತರ ಬಂತು. ಫೋನು ತನ್ನ ಅಭ್ಯಾಸದಂತೆ ಅದನ್ನು ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಓದಿತು.

"ತೀರ್ಪು: ನಕಲಿ. ಖಚಿತತೆ ನೂರಕ್ಕೆ ನೂರು. ಕಾರಣ: ಈ ವಸ್ತುವಿನ ಮೂಲ ಮಾಲೀಕರು, ಎಂದೂ ಸುಳ್ಳು ಹೇಳದವರು, ಇದು ನಕಲಿಯೆಂದು ಇಂದು ಮಧ್ಯಾಹ್ನ ಪ್ರಮಾಣ ಮಾಡಿದ್ದಾರೆ."

ಗುಲಾಮ್ ಹುಸೇನರು ಮೆಲ್ಲನೆ ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿಕೊಂಡರು.

"ಹಾಗಾದ್ರೆ ನಾನು ತಗೊಂಡುಹೋಗ್ತೇನೆ ಸಾರ್. ಕೂರೋದಕ್ಕೆ ನಕಲಿಯಾದ್ರೂ ಆಗ್ತದೆ."